ದೇವರ ಮನೆಯ ಸರ್ವರ್‌ಗೆ ಯಾವ ಓಎಸ್?

ಕಂಪ್ಯೂಟರ್ ಸರ್ವರ್‌ಗೆ ಮಡಿ ಇರುತ್ತದೆಯೇ? ನಗಬೇಡಿ. ಆದೋನಿಯ ನಮ್ಮ ಮನೆಯಲ್ಲಿ ಮೊನ್ನೆ ಇದೇ ಪ್ರಶ್ನೆಗೆ ಒಲೆ ಹೊತ್ತಲಿಲ್ಲ, ಕಾಫಿಯೂ ಆಗಲಿಲ್ಲ!

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಭಜನಾ ಮಂಡಳಿಯ ಮುಂದಾಳು. ತೀರಿಕೊಂಡ ಅವರ ತಾಯಿ ಹಾಡಿದ ಹಾಡುಗಳೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿವೆ. ಅದೇ ನಮ್ಮ ಸರ್ವರ್. ಬೆಳಗಾದರೆ ಹೊಳಗುಂದ, ಚಿಪ್ಪಗಿರಿಯ ಹೆಂಗಸರು ಫೋನಿನಲ್ಲೇ ಆ ಹಾಡು ಹಚ್ಚಿಕೊಂಡು ದನಿಗೂಡಿಸುತ್ತಾರೆ.

ಸರ್ವರ್ ಎಲ್ಲಿಡೋದು? ಪಡಸಾಲೆಯಲ್ಲಿ ಅಂದೆ.

“ನಮ್ಮವ್ವನ ದನಿ ಚಪ್ಪಲಿ ಬಾಜೂಕ ಇಡ್ತೀಯೇನು?” ಅಂದರು ವೈನಿ. ಸರಿ, ದೇವರ ಮನೆಗೇ ಹೋಯಿತು. ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ನಾನೇ ಹಾಕಿದೆ. ವಿಂಡೋಸ್. ಗೊತ್ತಿದ್ದದ್ದು ಅದೊಂದೇ!

ಶುಕ್ರವಾರ ಬೆಳಿಗ್ಗೆ ಹೊಳಗುಂದದಿಂದ ಫೋನ್. “ವೈನೀ, ಲಕ್ಷ್ಮೀ ಹಾಡು ಬರವಲ್ತು! ಆರತಿ ಹಿಡಕೊಂಡು ನಿಂತೀವ್ರೀ!”

ದೇವರ ಮನೆಯ ಹೊಸ್ತಿಲತನಕ ಓಡಿದೆ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ಪಾಸ್‌ವರ್ಡ್ ಕೇಳುತ್ತ ಕೂತಿತ್ತು. (ಸೆಟ್ಟಿಂಗ್ ಬದಲಿಸಿದ್ದರೆ ಸುಮ್ಮನಿರುತ್ತಿತ್ತಂತೆ. ಬಲ್ಲವರು ಜಗಳಕ್ಕೆ ಬರಬೇಡಿ.)

“ವೈನೀ, ಪಾಸ್‌ವರ್ಡ್ ಒತ್ತಿಬಿಡ್ರಿ!”

“ನಾ ಮಡಿಯೊಳಗಿದ್ದೀನಿ, ಅದನ್ನ ಮುಟ್ಟಂಗಿಲ್ಲ.”

“ಹಂಗಾರ ನಾ ಬರ್ತೀನಿ.”

“ಸ್ನಾನ ಆಗಿಲ್ಲ ನಿಂದು. ಹೊಸ್ತಿಲ ದಾಟಿದ್ರ ನೋಡು!”

ಕೀಬೋರ್ಡ್ ಕೈಯಳತೆಯಲ್ಲಿದೆ. ಮುಟ್ಟುವವರಿಲ್ಲ. ಆರತಿ ಕೊನೆಗೆ ಹಾಡಿಲ್ಲದೇ ಆಯಿತು. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಂಪ್ಯೂಟರ್ ಅಂಗಡಿಗೆ ಫೋನ್ ಹಚ್ಚಿದೆ.

ಮಧ್ಯಾಹ್ನ ಕಂಪ್ಯೂಟರ್ ಅಂಗಡಿಯ ಈರಣ್ಣ ಬಂದ. “ಲಿನಕ್ಸ್ ಹಾಕೋಣ ಸಾರ್. ಕೀಬೋರ್ಡ್ ಬ್ಯಾಡ, ಸ್ಕ್ರೀನೂ ಬ್ಯಾಡ. ಕರೆಂಟ್ ಹೋಗಿ ಬಂದ್ರೂ ತಾನೇ ಎದ್ದು ಹಾಡ್ತೈತಿ. ಏನರ ಆದ್ರ ಕಟ್ಟಿ ಮ್ಯಾಲ ಕುಂತು ಫೋನ್ನಾಗ ಸರಿ ಮಾಡಬೌದು.”

ಸ್ಪೀಡ್ ಎಷ್ಟು, ಸೆಕ್ಯೂರಿಟಿ ಹೆಂಗೆ ಅಂತ ನಾನು ಶುರು ಮಾಡಿದೆ. ವೈನಿ ಕೇಳಿದ್ದು ಒಂದೇ: “ಯಾರೂ ಮುಟ್ಟೋದು ಬ್ಯಾಡೇನಪಾ?”

“ಮುಟ್ಟೋದೇ ಬ್ಯಾಡಮ್ಮಾ.”

“ಹಾಂಗಾದ್ರ ಅದಕ್ಕ ನನಕಿಂತ ಮಡಿ ಜಾಸ್ತಿ ಅದ. ಹಾಕು!”

ಅಬ್ಬಾ, ಎಂಥಾ ತೀರ್ಮಾನ! ನನಗೆ ಕುಣಿಯುವಂತಾಯಿತು. ಆದರೆ ಹೊಸ ಓಎಸ್ ಹಾಕಿದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಈರಣ್ಣ ಮೊದಲು ಹಾಡುಗಳನ್ನು ಬೇರೆ ಡಿಸ್ಕಿಗೆ ತೆಗೆದುಕೊಟ್ಟ. “ಪರವಾಲೇದಮ್ಮಾ, ಏನೂ ಆಗಂಗಿಲ್ಲ, ಎಲ್ಲಾ ಅದಾವು” ಅಂದರೂ ವೈನಿ ಕೇಳಲಿಲ್ಲ. ಕೆಲಸ ಮುಗಿಯುವತನಕ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಹಿಡಿದೇ ಕೂತಿದ್ದರು. ಹಾಡುಗಳನ್ನು ಮರಳಿ ತುಂಬಿದ ಕಂಪ್ಯೂಟರನ್ನು ದೇವರ ಮನೆಯೊಳಗೆ ಒಯ್ಯುವ ಮುಂಚೆ ವೈನಿ ಅದರ ಪ್ರೋಕ್ಷಣೆಗೆ ನೀರು ತಂದಾಗ ಮಾತ್ರ ನಾವಿಬ್ಬರೂ ಚೀರಿದೆವು! ಒಂದು ಒಣ ತುಳಸಿದಳಕ್ಕೆ ರಾಜಿಯಾಯಿತು.

ಮುಂದಿನ ಶುಕ್ರವಾರ? ರೆಕಾರ್ಡಿಂಗಿನಲ್ಲಿ ವೈನಿಯ ತಾಯಿ ಮೊದಲು ಕೆಮ್ಮಿದರು, ಆಮೇಲೆ ಹಾಡಿದರು. ನಡುವೆ ಕರೆಂಟ್ ಹೋಯಿತು, ಬಂತು. ಹಾಡೂ ಬಂತು! ಫೋನಿನಾಚೆ ಊರೂರ ಹೆಂಗಸರು, ಈಚೆ ವೈನಿ, ಹೊಸ್ತಿಲ ಹೊರಗೆ ಸ್ನಾನವಿಲ್ಲದ ನಾನು. ಎಲ್ಲರೂ ಹಾಡಿದ್ದೇ ಹಾಡಿದ್ದು.

ಮಾಧವರಂನ ಮಂಡಳಿಯವರೂ ಈಗ ಸರ್ವರ್ ಇಡುತ್ತಾರಂತೆ. “ನೀವು ಯಾವ ಓಎಸ್ ಹಾಕೀರಿ?” ಅಂತ ಫೋನ್ ಮಾಡಿದ್ದರು. ಲಿನಕ್ಸ್ ಎಂಬ ಹೆಸರು ವೈನಿಗೆ ನೆನಪಾಗಲೇ ಇಲ್ಲ.

“ನಮ್ಮವ್ವ ಹಾಡೋವಾಗ ನಡುವ ಬಾಯಿ ಹಾಕಂಗಿಲ್ಲ ನೋಡ್ರಿ, ಅದು!”