ಕಸ್ತೂರಿ ಹೇಳುತ್ತಿದ್ದ ಗೂಢಚಾರರ ಕಥೆ

ಮೊನ್ನೆ ನಮ್ಮ ಮನೆಗೆ ಡಿಶ್ ಕೂಡಿಸಲು ಬಂದವನು ಮಾಳಿಗೆಯ ಮೇಲಿದ್ದ ಹಳೆಯ ಆಂಟೆನಾ ಬಿಚ್ಚಿ ಅಂಗಳಕ್ಕೆ ತಂದು ಹಾಕಿದ. ಮೂರು ಕಡ್ಡಿ ಮುರಿದಿದ್ದವು, ಇನ್ನೊಂದು ಕಡ್ಡಿ ಕಾಗೆಗಳು ಕೂತು ಕೂತು ಬಾಗಿತ್ತು. ಹಳೆ ಕಬ್ಬಿಣ ಕೊಳ್ಳುವ ಮೋಡಕಾದವನಿಗೆ ಕೊಟ್ಟುಬಿಡಲೇ ಎಂದು ಕೇಳಿದ. ಬೇಡ, ಅಲ್ಲೇ ಗೋಡೆಗೆ ಆನಿಸಿಡು ಎಂದೆ. ಅವನಿಗೇನು ಗೊತ್ತು, ಆ ಕಡ್ಡಿಗಳನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಕೂಡಲೇ ತಲೆಯೂ ತಗ್ಗುತ್ತದೆ.

ಉರಿಯ ಕಾರಣ ಮೊದಲು ಹೇಳುತ್ತೇನೆ, ತಲೆ ತಗ್ಗುವ ಮಾತು ಆಮೇಲೆ ಬರಲಿ. ತೊಂಬತ್ತರ ದಶಕದಲ್ಲಿ ನಾನು ಧಾರವಾಡದಿಂದ ಬೈಲಹೊಂಗಲಕ್ಕೆ ಸೊಸೆಯಾಗಿ ಬಂದೆ. ಬರುವಾಗ ತವರಿನಿಂದ ಒಂದು ಟೀವಿ, ಒಂದು ಕಬ್ಬಿಣದ ಕಪಾಟು, ಹಿಂದಿ ಪರೀಕ್ಷೆ ಪಾಸಾದ ಎರಡು ಸರ್ಟಿಫಿಕೇಟು ತಂದಿದ್ದೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಟೀವಿಯ ಮೇಲೆಯೇ ತೂಗುಹಾಕಿದ್ದೆ ಎಂದರೆ ನನ್ನ ಸೊಕ್ಕು ಎಷ್ಟಿತ್ತೆಂದು ನೀವೇ ಅಂದಾಜು ಮಾಡಿ. ನಮ್ಮ ಓಣಿಗೆಲ್ಲ ಅದೊಂದೇ ಟೀವಿ, ಹಿಂದಿ ಬಲ್ಲವಳೂ ನಾನೊಬ್ಬಳೇ.

ರವಿವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಸರಕಾರದ ಗುಪ್ತ ಇಲಾಖೆಯ ಒಬ್ಬ ಸಾಹೇಬ, ಅವನ ಕೈಕೆಳಗೆ ಐದು ಜನ. ಐವರಲ್ಲಿ ಒಬ್ಬ ಶತ್ರುಗಳಿಗೆ ಗುಟ್ಟು ಮುಟ್ಟಿಸುತ್ತಿದ್ದಾನೆ, ಯಾರೆಂದು ಗೊತ್ತಿಲ್ಲ. ಸಾಹೇಬ ದಿನವೂ ಆ ಐವರ ಜೊತೆಗೇ ಚಹಾ ಕುಡಿಯಬೇಕು, ನಗಬೇಕು, ನಗುತ್ತಲೇ ಒಬ್ಬೊಬ್ಬರನ್ನೂ ಅನುಮಾನಿಸಬೇಕು. ಉಂಡ ಮನೆಯ ಜಂತೆ ಎಣಿಸುವವರು ನಮ್ಮ ಓಣಿಗೆ ಹೊಸಬರೇನಲ್ಲ. ಆದರೆ ಟೈ ಕಟ್ಟಿಕೊಂಡು ಎಣಿಸುವವರನ್ನು ನಾವು ನೋಡಿದ್ದು ಅದೇ ಮೊದಲು.

ಪಕ್ಕದ ಮನೆಯ ಕಸ್ತೂರಿಗೆ ನನ್ನದೇ ವಯಸ್ಸು. ಗಂಡ ಅರಳೆ ಗಿರಣಿಯಲ್ಲಿ ಕೆಲಸಕ್ಕಿದ್ದ. ಆಕೆ ಓದಿದ್ದು ನಾಲ್ಕನೆಯ ಇಯತ್ತೆ, ಹಿಂದಿ ಒಂದಕ್ಷರ ಬಾರದು. ನಮ್ಮ ಪಡಸಾಲೆಯ ಕಂಬಕ್ಕೆ ಆನಿಕೊಂಡು, ಕೈಯಲ್ಲಿ ಶೇಂಗಾ ಸುಲಿಯುತ್ತ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಷ್ಟೇ ಆಗಿದ್ದರೆ ನನ್ನ ತಕರಾರೇನೂ ಇರಲಿಲ್ಲ.

ನಮ್ಮಲ್ಲಿ ಮದುವೆಯ ಮನೆಯವರು ಓಣಿಯ ಮನೆಮನೆಗೂ ಜೋಳದ ಹಿಟ್ಟು ಹಂಚುತ್ತಾರೆ, ರೊಟ್ಟಿ ಬಡಿದು ಮುಟ್ಟಿಸುವುದು ಓಣಿಯವರ ಕೆಲಸ. ನಮ್ಮ ಪಡಸಾಲೆ ದೊಡ್ಡದೆಂದು ಹೆಂಗಸರೆಲ್ಲ ಅಲ್ಲೇ ಕೂಡುತ್ತಿದ್ದರು. ಲಗ್ನದ ದಿನಗಳಲ್ಲಿ ವಾರಕ್ಕೊಂದು ಸಲವಾದರೂ ನಾಲ್ಕು ಒಲೆ ಹೊತ್ತುತ್ತಿದ್ದವು. ರವಿವಾರದ ಕಥೆ ಅಲ್ಲಿ ಮತ್ತೊಮ್ಮೆ ನಡೆಯಬೇಕು. ನಾನು ಶುರು ಮಾಡುತ್ತಿದ್ದೆ: ಯಾವ ಕಾಗದ ಕಳುವಾಯಿತು, ಯಾವ ರಾಯಭಾರಿ ಏನೆಂದ, ಎಲ್ಲ ಕ್ರಮವಾಗಿ, ಒಂದು ತಪ್ಪಿಲ್ಲದೆ. ರೊಟ್ಟಿ ಬಡಿಯುವ ಸಪ್ಪಳ ಒಂದಿಷ್ಟೂ ತಗ್ಗುತ್ತಿರಲಿಲ್ಲ. ಒಂದು ದಿನ ನಮ್ಮ ಅತ್ತೆ ಹೇಳಿಯೇಬಿಟ್ಟರು: “ನೀ ಹೇಳಿದ್ರ ರೇಡಿಯೋದಾಗಿನ ವಾರ್ತಾ ಕೇಳಿದಂಗ ಆಕ್ಕೈತಿ ನೋಡವಾ. ಕಸ್ತೂರಿ, ನೀ ಹೇಳು.”

ಕಸ್ತೂರಿ ಬಾಯಿ ತೆರೆದಳೆಂದರೆ ಬಡಿಯುವ ಕೈ ನಿಲ್ಲುತ್ತಿದ್ದವು, ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿದ್ದವು. ಆಕೆಗೆ ರಾಯಭಾರಿ ಗೊತ್ತಿಲ್ಲ, ಕಾಗದ ಗೊತ್ತಿಲ್ಲ. ಯಾರು ಯಾರ ಕಣ್ಣು ತಪ್ಪಿಸಿದರು, ಯಾರು ಚಪ್ಪಲಿ ಬಿಡದೆ ಒಳಗೆ ಬಂದರು, ಇಷ್ಟರಲ್ಲೇ ಕಥೆ ಕಟ್ಟುತ್ತಿದ್ದಳು. ದ್ರೋಹಿ ಕಪ್ಪು ಕನ್ನಡಕದವನೆಂದು ನಾನು ಸಾಧಿಸುತ್ತಿದ್ದೆ. ಕಸ್ತೂರಿ ಮಾತ್ರ ಸಾಹೇಬನ ಜೀವದ ಗೆಳೆಯನ ಕಡೆಗೇ ಬೆರಳು ಮಾಡುತ್ತಿದ್ದಳು. “ಆಂವಾ ಸಾಹೇಬನ ಮನ್ಯಾಗ ಚಾ ತಗೊಂತಾನ, ಕುಡಿಯೂದಿಲ್ಲ. ಮನಸಿನ್ಯಾಗ ಕಳವ ಇದ್ದಾಂವಗ ಗಂಟಲದಾಗ ಇಳಿಯೂದಿಲ್ಲರಿ,” ಎನ್ನುತ್ತಿದ್ದಳು. ಟೀವಿ ನನ್ನದು, ಹಿಂದಿ ನನ್ನದು, ಕಥೆ ಮಾತ್ರ ಆಕೆಯದು. ಮತ್ಸರವೆಂದರೆ ಏನೆಂದು ನಾನು ಕಲಿತದ್ದು ಸವತಿಯಿಂದಲ್ಲ, ವಾರಗಿತ್ತಿಯಿಂದಲ್ಲ, ಪಾಪದ ಈ ನೆರೆಯವಳಿಂದ.

ಇನ್ನು ತಲೆ ತಗ್ಗುವ ಮಾತು. ನಮ್ಮ ಆಂಟೆನಾ ಕಿತ್ತೂರಿನ ಕಡೆ ಸರಿಯಾಗಿ ಮುಖ ಮಾಡಿದರಷ್ಟೇ ಚಿತ್ರ ಬರುತ್ತಿತ್ತು, ಗಾಳಿ ಬಿಟ್ಟರೆ ತಿರುಗಿಬಿಡುತ್ತಿತ್ತು. ಅದನ್ನು ಸರಿಮಾಡುವುದು ಕಸ್ತೂರಿಯ ಕೆಲಸ. ಎರಡೂ ಮನೆಯ ಮಾಳಿಗೆ ಕೂಡಿಯೇ ಇದ್ದವು. ಆಕೆ ತನ್ನ ಮಾಳಿಗೆ ಹತ್ತಿ ಈಚೆ ಬಂದು ಕಂಬ ತಿರುಗಿಸುತ್ತ “ಬಂತೇನ್ರಿ ಅಕ್ಕಾರ?” ಎಂದು ಕೂಗುವಳು. ನಾನು ಬಂತೆಂದರೆ ಹಗ್ಗದಿಂದ ಕಂಬ ಬಿಗಿದು ಕೆಳಗಿಳಿದು ಬರುವಳು. ಯಾರೂ ಹೇಳಿದ್ದಲ್ಲ. ಪುಕ್ಕಟೆ ಕೂತು ನೋಡಲು ಆಕೆಗೆ ಮನಸ್ಸು ಒಪ್ಪುತ್ತಿರಲಿಲ್ಲ.

ಧಾರಾವಾಹಿ ಮುಗಿಯುವ ರವಿವಾರ ಓಣಿಯ ಹೆಂಗಸರೆಲ್ಲ ಸಂಗೊಳ್ಳಿಗೆ ಮದುವೆಗೆ ಹೋಗಿದ್ದರು, ಅತ್ತೆಯೂ ಹೋಗಿದ್ದರು. ಉಳಿದವರು ನಾವಿಬ್ಬರೇ. ಬೇಸಿಗೆಯ ಬಿಸಿಲು. ಕಸ್ತೂರಿ ಕಂಬ ತಿರುಗಿಸಿದಳು, ಚಿತ್ರ ಕನ್ನಡಿಯ ಹಾಗೆ ಬಂತು. “ಬಂತೇನ್ರಿ ಅಕ್ಕಾರ?” ಎಂದಳು. ಬಂತೆನ್ನಲು ಬಾಯಿ ತೆರೆದೆ. ಆಗ ನಾಳೆಯ ರೊಟ್ಟಿಯ ಒಲೆ ನೆನಪಾಯಿತು. ಇವಳು ನೋಡದಿದ್ದರೆ ಕೊನೆಯ ಕಥೆ ಹೇಳುವವಳು ನಾನೊಬ್ಬಳೇ.

“ಹೋಗಿ ಬಂದು ಮಾಡಾಕತ್ತೈತಿ,” ಎಂದು ಕೂಗಿದೆ. “ಹಂಗ ಹಿಡಕೊಂಡ ನಿಲ್ಲು, ಬಿಡಬ್ಯಾಡ.”

ಅರ್ಧ ತಾಸು ಆಕೆ ಬರಿಗಾಲಲ್ಲಿ ಆ ಬಿಸಿಲಲ್ಲಿ ನಿಂತಳು. ನಾನು ಖುರ್ಚಿಯಲ್ಲಿ ಕಾಲು ಮೇಲೆ ಮಡಚಿಕೊಂಡು ಕೂತು ನೋಡಿದೆ. ಸಾಹೇಬ ಕೊನೆಗೆ ತನ್ನ ಜೀವದ ಗೆಳೆಯನ ಕೈಗೆ ಬೇಡಿ ಹಾಕಿಸಿದ. ಆ ಹೊತ್ತಿನಲ್ಲೂ ನನಗೆ ನಾಚಿಕೆಯಾಗಲಿಲ್ಲ. ಆದದ್ದು ಸಿಟ್ಟು, ಕಸ್ತೂರಿಯ ಮಾತೇ ಖರೆಯಾಯಿತಲ್ಲ ಎಂದು.

ಮರುದಿನ ನಾನು ಹೇಳಿದೆ. ಎಲ್ಲರೂ ಕೇಳಿದರು, ಬೇರೆ ದಾರಿ ಇರಲಿಲ್ಲ. ಗೆಳೆಯನೇ ದ್ರೋಹಿಯೆಂದ ಕೂಡಲೇ ಕಸ್ತೂರಿ ಆವತ್ತೇ ಹೇಳಿದ್ದಳಲ್ಲ ಎಂದು ಆಕೆಯನ್ನು ಹೊಗಳಲು ಶುರು ಮಾಡಿದರು. ಆಕೆ ಎಂದದ್ದು ಇಷ್ಟೇ: “ನಾ ನೋಡಿಲ್ಲರಿ, ಮಾಳಿಗಿ ಮ್ಯಾಲೆ ಇದ್ನಿ. ಅಕ್ಕಾರ ಹೇಳ್ಯಾರಂದ್ರ ಖರೇನ ಇರತೈತಿ.”

ನಾಲ್ಕು ದಿನ ಕಳೆದು ಸಂಡಿಗೆ ಒಣಹಾಕಲು ಮಾಳಿಗೆ ಹತ್ತಿದೆ. ಆಂಟೆನಾದ ಕಂಬದ ಬುಡದಲ್ಲೇ, ಪಡಸಾಲೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ತೆಗೆದ ಬೆಳಕಿಂಡಿ. ಸುಮ್ಮನೆ ಬಗ್ಗಿ ನೋಡಿದೆ. ನೆಟ್ಟಗೆ ಟೀವಿ ಕಾಣುತ್ತಿತ್ತು. ಎದುರಿಗೆ ನನ್ನ ಖುರ್ಚಿಯೂ ಕಾಣುತ್ತಿತ್ತು. ಕಸ್ತೂರಿ ಅರ್ಧ ತಾಸು ನಿಂತದ್ದು ಇಲ್ಲೇ ಎಂದು ಹೊಳೆದು, ಸಂಡಿಗೆ ಹಾಕದೆಯೇ ಕೆಳಗಿಳಿದೆ.

ಅಂದಿನಿಂದ ಗೂಢಚಾರರ ಕೆಲಸ ನನ್ನ ಪಾಲಿಗೆ ಬಂತು. ಕಸ್ತೂರಿ ಯಾರ ಜೊತೆ ಮಾತಾಡಿದರೂ ಕಿವಿ ಅಲ್ಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಒಲೆಯ ಮುಂದೆ ಯಾರಾದರೂ ನಕ್ಕರೆ ನನ್ನ ಕಥೆಯೇ ಹೊರಬಿತ್ತು ಎಂದುಕೊಳ್ಳುತ್ತಿದ್ದೆ. ವರ್ಷಗಳೇ ಹೋದವು. ಆಕೆಯ ಮನೆಗೂ ಟೀವಿ ಬಂತು, ಕೇಬಲ್ಲೂ ಬಂತು. ರಾಮದುರ್ಗದ ಬೀಗರ ಜಗಳದಿಂದ ಹಿಡಿದು ಸವದತ್ತಿಯ ಬಸ್ಸಿನಲ್ಲಿ ಕಂಡವರ ತನಕ ಎಲ್ಲವನ್ನೂ ಕಥೆ ಮಾಡಿ ಹೇಳುವ ಆ ಬಾಯಿ, ಇದೊಂದನ್ನು ಹೇಳಲಿಲ್ಲ. ಮೊದಲು ಆಕೆಯ ಮಾತಿನ ಮೇಲೆ ಹೊಟ್ಟೆಕಿಚ್ಚಿತ್ತು, ಆಮೇಲೆ ಆಕೆಯ ಮೌನದ ಮೇಲೂ ಹುಟ್ಟಿತು. ನಾನಾಗಿದ್ದರೆ ಮರುದಿನವೇ ಹೇಳಿಬಿಡುತ್ತಿದ್ದೆ.

ಡಿಶ್ಶಿನವನು ಹೋದ ಮಧ್ಯಾಹ್ನ ಹೆಂಗಸರು ರೊಟ್ಟಿಗೆ ಕೂಡಿದರು. ಗೋಡೆಗೆ ಆನಿಸಿದ್ದ ಆಂಟೆನಾ ನೋಡಿ ಯಾರೋ ನಕ್ಕರು. ಏನನಿಸಿತೋ, ನಾನು ಹೇಳತೊಡಗಿದೆ. ಬಿಸಿಲು, ಬರಿಗಾಲು, ಖುರ್ಚಿ, ಬೆಳಕಿಂಡಿ, ಒಂದನ್ನೂ ಬಿಡಲಿಲ್ಲ. ಅಂದು ಮೊದಲ ಬಾರಿಗೆ ನನ್ನ ಮಾತಿಗೆ ಬಡಿಯುವ ಕೈ ನಿಂತವು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆಯೂ ಬಂತು. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು. ಎಲ್ಲರೂ ಕಸ್ತೂರಿಯ ಕಡೆ ತಿರುಗಿದರು.

ಕಸ್ತೂರಿ ಹೊತ್ತಿದ ರೊಟ್ಟಿ ತೆಗೆದು ಬದಿಗಿಟ್ಟಳು.

“ಅಕ್ಕಾರಿಗೆ ವಯಸ್ಸಾತು, ಏನೇನೋ ನೆನಸ್ಕೊಂತಾರ,” ಎಂದಳು. “ಆವತ್ತ ಚಿತ್ರ ಹೋಗಿ ಬಂದು ಮಾಡತಿತ್ತು. ಬೆಳಕಿಂಡ್ಯಾಗಿಂದ ನಾನ ನೋಡೇನಿ.”

ಎಲ್ಲರೂ ಆಕೆಯನ್ನೇ ನಂಬಿದರು.