ಬೊಟ್ಟಿತ್ತು, ಬಾಣ ಇರಲಿಲ್ಲ

ನನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ಹಸಿರು ಬಾಣ ಮೂಡಿದರೆ ಷೇರು ಕೊಳ್ಳಬೇಕು, ಕೆಂಪು ಬಾಣ ಮೂಡಿದರೆ ಮಾರಬೇಕು. ಕೆಲಸ ಬಿಟ್ಟಾಗ ಬಂದ ಗಂಟನ್ನೆಲ್ಲ ನಮ್ಮ ಯಜಮಾನರು ಅದನ್ನು ನಂಬಿ ಕಳೆದುಕೊಂಡರು. ಅದಕ್ಕಿಂತ ನನ್ನನ್ನು ಸುಟ್ಟದ್ದು ಆಮೇಲೆ ಒಂದು ಮದುವೆ ಊಟದ ಸಾಲಿನಲ್ಲಿ ತಮ್ಮ ಆಡಿದ ಮಾತು.

"ಬಾಣ ಸರಿಯಾಗೇ ಇತ್ತು. ನಮ್ ಭಾವಂಗೆ ಗುಂಡಿಗೆ ಇರ್ಲಿಲ್ಲ, ಅಷ್ಟೇ."

ಸಾಲಿಗೆ ಸಾಲೇ ನಕ್ಕಿತು. ನಮ್ಮವರು ಪಾಯಸ ಮುಟ್ಟದೆ ಎದ್ದರು. ಅಂದಿನಿಂದ ರೈಲು ಹತ್ತಿ ಬಂಗಾರಪೇಟೆಯ ತಮ್ಮನ ಮನೆ ಕಡೆ ಹೋಗುವುದನ್ನೇ ಬಿಟ್ಟರು. ನಾನು ಆ ನಗುವನ್ನು ಮರೆಯಲಿಲ್ಲ. ಮರೆಯುವ ಇರಾದೆಯೂ ಇರಲಿಲ್ಲ.

ಈಚೆಗೆ ತಮ್ಮನ ಕಣ್ಣು ಅಮ್ಮನ ಹುಣಸೆ ತೋಪಿನ ಮೇಲೆ ಬಿತ್ತು. ತೋಪು ಇರುವುದು ಕಾಮಸಮುದ್ರದ ಹತ್ತಿರ, ಅಮ್ಮ ಇರುವುದು ಬಂಗಾರಪೇಟೆಯಲ್ಲಿ ಅವನ ಮನೆಯಲ್ಲಿ. ತೋಪು ಮಾರಿ ಬಂದ ದುಡ್ಡನ್ನು ಬಾಣದ ಹಿಂದೆ ಹಾಕಬೇಕೆಂದು ಅವನು ಹಟ ಹಿಡಿದಿದ್ದ. ಬೇಡ ಎಂದರೆ ಅಮ್ಮ ನನ್ನ ಮೇಲೇ ತಿರುಗಿದಳು: "ನಿಂಗೆ ಒಟ್ಟೆಕಿಚ್ಚು ಕಣೇ."

ಬಾಯಿ ಮಾಡಿ ಗೆಲ್ಲಲಾಗದು ಎಂದು ಗೊತ್ತಾಯಿತು. ಬೆಳಗಿನ ಅಡುಗೆ ಮುಗಿಸಿ, ಪಾತ್ರೆ ಬೋರಲು ಹಾಕಿ, ನಂದಿದುರ್ಗ ಚಿನ್ನದ ಗಣಿಯ ಹಳೆಯ ಸಾಲುಮನೆಗಳಲ್ಲೊಂದಾದ ನಮ್ಮ ಲೈನ್ ಮನೆಯಲ್ಲಿ ನಮ್ಮವರ ಲ್ಯಾಪ್‌ಟಾಪ್ ತೆರೆದು ಕೂತೆ. ಒಂದು ಪದ್ಧತಿಯನ್ನು ಕಳೆದ ವರ್ಷಗಳ ಬೆಲೆಯ ಮೇಲೆ ಓಡಿಸಿ ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ತಮ್ಮನ ಪದ್ಧತಿಯನ್ನು ಮೂರು ಸಾಫ್ಟ್‌ವೇರುಗಳಲ್ಲಿ ಓಡಿಸಿದೆ. ಅವನು ನಮ್ಮವರಿಗೆ ಕೊಡಿಸಿದ್ದರಲ್ಲಿ ಬಾಣಗಳೆಲ್ಲ ಬೆಲೆ ಏರುವ ಮುಂಚೆಯೇ ತಳದಲ್ಲಿ ನಾಟಿಕೊಂಡಿದ್ದವು, ಒಂದೂ ತಪ್ಪಿರಲಿಲ್ಲ. ಎರಡನೆಯದು ಬೋಳು ಬೋಳು, ನೋಡಲು ಏನೂ ಚೆಂದವಿಲ್ಲ. ಆದರೆ ದಲ್ಲಾಳಿ ಖರ್ಚು ಕಳೆದೇ ಲೆಕ್ಕ ಹೇಳುತ್ತದೆ. ಅದು ನಷ್ಟ ಎಂದಿತು. ಮೂರನೆಯದರಲ್ಲಿ ರೀಪ್ಲೇ ಎಂಬ ಗುಂಡಿ ಇದೆ. ಒತ್ತಿದರೆ ಮುಂದಿನ ದಿನಗಳನ್ನು ಮುಚ್ಚಿಟ್ಟು ಹಳೆಯ ಬೆಲೆಯನ್ನು ದಿನಕ್ಕೊಂದರಂತೆ ಬಿಚ್ಚಿ ತೋರಿಸುತ್ತದೆ. ಅಲ್ಲಿ ಕಳ್ಳ ಸಿಕ್ಕಿಬಿದ್ದ. ಬಾಣ ಮೂಡುತ್ತಿತ್ತು, ಬೆಲೆ ಬಿದ್ದರೆ ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು, ಮುಂದೆ ಯಾವಾಗಲೋ ಬೆಲೆ ಏರಿದ ಮೇಲೆ ಹಿಂದಕ್ಕೆ ಹೋಗಿ ತಳದಲ್ಲಿ ನಿಲ್ಲುತ್ತಿತ್ತು, ಮೊದಲಿನಿಂದಲೂ ಅಲ್ಲೇ ಇದ್ದಂತೆ.

ತಮ್ಮನಿಗೆ ಫೋನು ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ನಮ್ಮವರು ನಗೆಪಾಟಲಾದದ್ದು ಜನರ ಮುಂದೆ. ಇದೂ ಜನರ ಮುಂದೆಯೇ ಆಗಬೇಕಿತ್ತು.

ಅಮಾವಾಸ್ಯೆಗೆ ಅವನ ಮಾವನ ಮನೆಯವರು ಕುಪ್ಪಂನಿಂದ ಬಂದರು. ಮಾರನೆಯ ದಿನ ತೋಪಿನ ಪತ್ರಕ್ಕೆ ಅಮ್ಮನ ರುಜು ಎಂದು ನಿಶ್ಚಯವಾಗಿತ್ತು. ನಾನು ಬೆಳಿಗ್ಗೆಯೇ ಹೋಗಿ ಅಡುಗೆಗೆ ನಿಂತೆ. ಊಟಕ್ಕೆ ಮುಂಚೆ ತಮ್ಮ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಕೂಗಿದ.

"ಅಮ್ಮಾ, ಬಂತು ನೋಡು ಅಸಿರು ಬಾಣ! ಇವತ್ತಿನ ಬೆಲೆ ಗೀಟಿನ ಕೆಳಗೇ ಬಂದದೆ. ಅಕ್ಕಾ, ನೀನೂ ನೋಡು. ಒಗ್ಗರಣೆ ಡಬ್ಬಿ ಆಮೇಲ್ ಇರ್ಲಿ."

ನಾನು ನೋಡಿದೆ. ಹಣೆಯ ಸ್ಟಿಕರ್ ಬೊಟ್ಟು ಕಿತ್ತು ಆ ಬಾಣದ ಪಕ್ಕಕ್ಕೆ, ಪರದೆಯ ಮೇಲೆ ಒತ್ತಿದೆ.

"ಏನಕ್ಕಾ ಇದು?"

"ದೃಷ್ಟಿಯಾದಾತು ಕಣಪ್ಪಾ. ಊಟ ಆಗಗಂಟ ಯಾರೂ ಮುಟ್ಬೇಡಿ."

ಅಮ್ಮನಿಗೆ ಅದು ಹಿಡಿಸಿತು. ಮಧ್ಯಾಹ್ನ ಮೂರೂವರೆಗೆ ಷೇರು ಬಜಾರು ಮುಚ್ಚುವವರೆಗೂ ಊಟ ಎಳೆಯುವುದು ನನ್ನ ಕೆಲಸ. ಬಡಿಸಿದೆ, ಮತ್ತೆ ಬಡಿಸಿದೆ, ಹಪ್ಪಳವನ್ನು ಒಂದೊಂದೇ ಕರಿದೆ. ಬೆಲೆ ಬೀಳದಿದ್ದರೆ ನನ್ನ ಗತಿ ಏನು ಎಂದು ಎಣ್ಣೆಯ ಮುಂದೆ ನಿಂತು ಬೆವರಿದ್ದೂ ಉಂಟು. ಕೊನೆಗೆ ಎಲೆಅಡಿಕೆ ತಟ್ಟೆ ಹಿಡಿದು ಎಲ್ಲರೂ ಸ್ಟೂಲಿನ ಸುತ್ತ ಸೇರಿದರು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಬೊಟ್ಟದೆ. ಬಾಣ ಎಲ್ಲೋಯ್ತ್ಲಾ?"

ತಮ್ಮ ಗುಂಡಿಗಳನ್ನು ಒತ್ತಿದ. ಬಾಣ ಬರಲಿಲ್ಲ.

"ಏಮಿ ಅಲ್ಲುಡೂ, ಬಾಣಂ ಏದಿ?" ಮಾವನೂ ತೆಲುಗಿನಲ್ಲಿ ಅದನ್ನೇ ಕೇಳಿದರು.

"ಅದು... ಬೆಲೆ ಇಳೀತಲ್ಲ ಮಾವಾ, ಸಾಫ್ಟ್‌ವೇರೇ ತಗ್ದಾಕ್ತದೆ."

"ಮತ್ತೆ ಏರಿದ್ರೆ?" ನಾನು ಮೆತ್ತಗೆ ಕೇಳಿದೆ.

"ಏರಿದ್ರೆ... ಬತ್ತದೆ."

ಅಮ್ಮ ಸೆರಗು ಬಾಯಿಗೆ ಹಿಡಿದಳು. ನಗು ತಡೆಯಲಿಲ್ಲ. "ಅಯ್ಯೋ, ಈದ್ಮೇಲಿನ್ ಜೋಯ್ಸ ಕಣ್ಲಾ ನೀನು!"

ನಮ್ಮ ಹಳ್ಳಿಯಲ್ಲಿ ಹಿಂದೆ ಅಂಥವನೊಬ್ಬನಿದ್ದ. ಗಬ್ಬದ ಹಸುವಿನ ಹೊಟ್ಟೆಗೆ ಕಿವಿ ಇಟ್ಟು ಗೊಣಗುಟ್ಟುವನು. ಹಸು ಈದ ಮೇಲೆ ಬಂದು, "ಎಣ್ಗರ ಅಂತ ನಾನಾಗ್ಲೇ ಯೋಳಿರ್ಲಿಲ್ವಾ?" ಎಂದು ಅಕ್ಕಿ ಕೇಳುವನು. ಅಮ್ಮ ಅದನ್ನೆಲ್ಲ ತೆಲುಗಿನಲ್ಲಿ ಬೀಗರಿಗೆ ಬಿಡಿಸಿ ಹೇಳಿದಳು, ಅವನಂತೆಯೇ ಕಿವಿ ಇಟ್ಟು ತೋರಿಸಿದಳು. ಮಾವ ಕೆಮ್ಮುವಷ್ಟು ನಕ್ಕರು. ತಮ್ಮನ ಹೆಂಡತಿಯೂ ನಕ್ಕಳು. ಅವನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಒಳಗೆ ಹೋದ. ನನ್ನ ಬೊಟ್ಟೂ ಅದರೊಳಗೇ ಹೋಯಿತು, ಹೋಗಲಿ.

"ಮರ ಈ ವರ್ಷ ಚೆನ್ನಾಗ್ ಇಡಿದದೆ," ಎಂದಳು ಅಮ್ಮ. "ಕಾಯಿ ಬಡಿಸ್ಬೇಕು." ರುಜುವಿನ ಮಾತು ಅಲ್ಲಿಗೆ ನಿಂತಿತು. ಆ ಹೆಸರು ಮಾತ್ರ ಬೀಗರ ಜೊತೆ ಕುಪ್ಪಂಗೂ ಹೋಯಿತು. ಈಗ ಅಲ್ಲಿ ನೆಂಟರೆಲ್ಲ ಅವನನ್ನು ಹಾಗೆಯೇ ಕರೆಯುತ್ತಾರಂತೆ. ನನಗೆ ಅಯ್ಯೋ ಅನ್ನಿಸಿಲ್ಲ.

ಸಂಜೆಯ ರೈಲಿನಲ್ಲಿ ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಕಾಫಿ ಲೋಟ ಕೆಳಗಿಟ್ಟರು.

"ಅತ್ತೆ ಏನಂದ್ರು ಅಂದೆ?"

"ಈದ್ಮೇಲಿನ್ ಜೋಯ್ಸ."

ಅವರ ಹೆಗಲು ಅಲುಗಿತು. "ಇನ್ನೊಂದ್ ಸಲ ಯೋಳು," ಎಂದರು.