ಹಸಿರು ಕೆನ್ನೆಯ ಹೆಂಗಸು

ಕಳೆದ ವಾರ ಬಾಗಿಲಿಗೆ ಪಾಲಿಶ್ ಹಾಕಲು ಬಂದ ಆಚಾರಿ ಅಗಸೆ ಎಣ್ಣೆಯ ಡಬ್ಬಿ ತೆರೆದ. ಆ ವಾಸನೆಗೆ, ಬಣ್ಣಕ್ಕೆ ಅದೇ ಎಣ್ಣೆ ಬೆರೆಸುತ್ತಿದ್ದ ಹೊನ್ನಾವರದ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಕೋಣೆ ಕಣ್ಣಮುಂದೆ ಬಂತು... ಅದರ ಹಿಂದೆಯೇ, ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವಳ ಅಪ್ಪ ಮೀನುದೋಣಿಗೆ ಹೋಗುತ್ತಿದ್ದ. ಅವಳಿಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುತ್ತಿರಲಿಲ್ಲ. ನಾನೋ, ಡ್ರಾಯಿಂಗಿನಲ್ಲಿ ಶಾಲೆಗೇ ಮೊದಲು ಬರುತ್ತಿದ್ದವಳು.

ಒಂದು ದಿನ ಡ್ರಾಯಿಂಗ್ ಮಾಸ್ತರು ಯುರೋಪಿನ ಯಾವುದೋ ಚಿತ್ರದ ಅಚ್ಚುಪ್ರತಿ ತಂದು ಗೋಡೆಗೆ ಅಂಟಿಸಿದರು. ಹೆಂಗಸೊಬ್ಬಳ ಮುಖ. ಒಂದು ಕೆನ್ನೆ ಹಸಿರು, ಮೂಗಿಗೆ ಕುಂಚದ ಎರಡೇ ಎಳೆತ, ಬಣ್ಣ ಒರೆಸಿಬಿಟ್ಟಂತೆ.

"ಎಂತ ಕಾಣ್ತದೆ?" ಎಂದು ಮಾಸ್ತರು ಕೇಳಿದರು.

"ಮುಗಿಸಲೇ ಇಲ್ಲ ಸರ್. ಮೂಗೂ ಸೊಟ್ಟ" ಎಂದೆ. ಎಲ್ಲರೂ ನಕ್ಕರು.

ಅವಳು ನಗಲಿಲ್ಲ. ಬಹಳ ಹೊತ್ತು ನೋಡಿ, "ಅತ್ತು, ಈಗಷ್ಟೇ ಮುಖ ತೊಳ್ಕಂಡು ಬಂದಾಳೆ ಸರ್. ಅತ್ತದ್ದು ಯಾರಿಗೂ ಗೊತ್ತಾಗೂದು ಬ್ಯಾಡ ಅಂತ" ಎಂದಳು.

ಮಾಸ್ತರು ಚಿತ್ರದ ಹತ್ತಿರ ಹೋಗಿ, ಮೊದಲ ಸಲ ಕಂಡವರಂತೆ ಅದನ್ನೇ ನೋಡುತ್ತ ನಿಂತರು. ನನ್ನ ಯಾವ ಚಿತ್ರದ ಮುಂದೆಯೂ ಅವರು ಹಾಗೆ ನಿಂತವರಲ್ಲ. ನಾನು ಮತ್ತೆ ನೋಡಿದೆ. ಈಗ ನನಗೂ ಅದೇ ಕಂಡಿತು. ಅದಕ್ಕೇ ಹೊಟ್ಟೆ ಉರಿಯಿತು.

ಮುಂದಿನ ತಿಂಗಳು ಕುಮಟೆಯಲ್ಲಿ ಚಿತ್ರ ಪ್ರದರ್ಶನ. ಅವಳು ಎರಡು ದಿನದಿಂದ ಶಾಲೆಗೆ ಬಂದಿರಲಿಲ್ಲ. ಮಾಸ್ತರು ನನ್ನನ್ನು ಕರೆದು, "ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗ್ತೇನೆ. ರವಿವಾರ ಎಂಟು ಗಂಟೆ ಬಸ್ಸು. ಅವಳಿಗೂ ಹೇಳು" ಎಂದರು. ಅವಳ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ನಾನು ಹೇಳಲಿಲ್ಲ. ರವಿವಾರ ಬಸ್‌ಸ್ಟ್ಯಾಂಡಿನಲ್ಲಿ, "ಅವಳಿಗೆ ಬರೂಕಾಗೂದಿಲ್ಲಂತೆ ಸರ್" ಎಂದೆ.

ಪ್ರದರ್ಶನದಲ್ಲಿ ಮುದುಕನೊಬ್ಬನ ಚಿತ್ರ ತೋರಿಸಿ ಮಾಸ್ತರು ಅದೇ ಪ್ರಶ್ನೆ ಕೇಳಿದರು. ನನಗೇನೂ ಹೊಳೆಯಲಿಲ್ಲ. "ಅತ್ತು, ಮುಖ ತೊಳ್ಕಂಡು ಬಂದಾನೆ" ಎಂದುಬಿಟ್ಟೆ.

"ಅದು ಅವಳ ಮಾತು. ನಿಂಗೆ ಎಂತ ಕಾಣ್ತದೆ?"



ಸೋಮವಾರ ಅವಳು ಬಂದಳು. ನಾವು ಕುಮಟೆಗೆ ಹೋಗಿದ್ದನ್ನು ಯಾರೋ ಹೇಳಿದ್ದರು. "ನಂಗೊಂದು ಮಾತು ಹೇಳೂಕೆ ಆಗ್ಲಿಲ್ವನೇ?" ಎಂದಳು.

"ಮರ್ತೇ ಹೋತು" ಎಂದೆ.

ಆ ಚಿತ್ರವನ್ನು ನೋಡಿದ ಹಾಗೆಯೇ ನನ್ನ ಮುಖವನ್ನು ನೋಡಿದಳು. ಅದೇ ವರ್ಷ ಶಾಲೆ ಬಿಟ್ಟಳು... ಮದುವೆಯಾಗಿ ಶಿರಾಲಿ ಕಡೆ ಹೋದಳಂತೆ.

ನಾನು ಡ್ರಾಯಿಂಗ್ ಟೀಚರಾದೆ, ನಿವೃತ್ತಳೂ ಆದೆ. ಮಕ್ಕಳು ಯಾವುದಾದರೂ ಚಿತ್ರ ನೋಡಿ ಥಟ್ಟನೆ ಒಳ್ಳೆಯ ಮಾತೊಂದು ಆಡಿದರೆ, ಖುಷಿಗಿಂತ ಮೊದಲು ನನಗಾಗುತ್ತಿದ್ದುದು ಹೊಟ್ಟೆಕಿಚ್ಚೇ.

ಮೊನ್ನೆ ಶಿರಾಲಿಗೆ ಹೋದವಳು ಮೀನು ಪೇಟೆಯಲ್ಲಿ ಅವಳ ಬಗ್ಗೆ ವಿಚಾರಿಸಿದೆ. "ಅವ್ರು ತೀರಿಹೋಗಿ ಎರಡು ವರ್ಷ ಆತಲ್ರಾ" ಎಂದಳು ಅಲ್ಲಿಯ ಹೆಂಗಸು.

ಆ ಸೋಮವಾರ ನನ್ನ ಮುಖದಲ್ಲಿ ಅವಳಿಗೆ ಎಂತ ಕಂಡಿತ್ತು ಎಂದು ಕೇಳುವ ಧೈರ್ಯ ಬರಲು ನನಗೆ ಇಷ್ಟು ವರ್ಷ ಬೇಕಾಯಿತು.